ಸೂಲಗಿತ್ತಪ್ಪನ ಅಂಗಿ

ಸೂಲಗಿತ್ತಪ್ಪ ಎರಡು ಬೆರಳಿನ ತುಂಬ ನೆಗಡಿ ಮುಲಾಮು ತೆಗೆದು ದಪ್ಪ ಕುದುರೆಯ ಮೂಗಿನ ಹೊಳ್ಳೆಗಳಿಗೆ ಸವರಿದ. ಅದು ತಲೆ ಕೊಡವಿ ಜೋರಾಗಿ ಸೀನಿತು. ಸೀನಿದ್ದರಲ್ಲಿ ಅರ್ಧ ಅವನ ಮೀಸೆಗೇ ಬಂತು.

"ಆಯ್ತು ಕಣಮ್ಮ, ಆಯ್ತು. ಇನ್ನು ನಿನಗೆ ಯಾರ ಮಕ್ಕಳಾದ್ರೂ ಒಂದೇ" ಎಂದು ಅದರ ಕತ್ತು ತಟ್ಟಿದ.

ರೇಸಿನ ಕುದುರೆಗಳನ್ನು ಹುಟ್ಟಿಸುವ ಆ ಫಾರ್ಮಿನಲ್ಲಿ ಹೆರಿಗೆಗಳೆಲ್ಲ ಆಗುತ್ತಿದ್ದುದು ಅವನ ಕೈಯಲ್ಲೇ. ಹಾಗಾಗಿ ಈ ಹೆಸರು. ಮೀಸೆ ಇರುವ ಸೂಲಗಿತ್ತಿ ತಾನೊಬ್ಬನೇ ಎಂದು ಅವನಿಗೂ ಒಳಗೊಳಗೇ ಹೆಮ್ಮೆ. ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದು ವಿದ್ಯೆಯದು. ಒಬ್ಬಳ ಮರಿಯನ್ನು ಇನ್ನೊಬ್ಬಳ ಕೆಚ್ಚಲಿಗೆ ಹಚ್ಚುವುದರಲ್ಲಿ ಅವನು ಸೋತದ್ದೇ ಇಲ್ಲ.

ರೇಸು ಗೆದ್ದ ಹೆಣ್ಣು ಕುದುರೆ ಈದ ಸ್ವಲ್ಪ ದಿನಕ್ಕೇ ಮತ್ತೆ ಗಬ್ಬವಾಗಬೇಕು, ವರ್ಷ ಖಾಲಿ ಹೋಗಬಾರದು. ಬೀಜದ ಗಂಡು ಇರುವುದು ದೂರದ ಊರಿನಲ್ಲಿ. ಎಳೆ ಮರಿಯನ್ನು ಅಷ್ಟು ದೂರ ಒಯ್ದರೆ ಕಾಲಿಗೆ ಪೆಟ್ಟಾದೀತು ಎಂದು ಅದನ್ನು ಇಲ್ಲೇ ಉಳಿಸಿಕೊಳ್ಳುತ್ತಾರೆ. ಅದಕ್ಕೆ ಹಾಲು ಕೊಡಲು ಗಾಡಿ ಎಳೆಯುವ ಜಾತಿಯ ದಪ್ಪ ಕುದುರೆ ಬೇಕು. ಹಾಲು ಬರಬೇಕಾದರೆ ದಪ್ಪ ಕುದುರೆಯೂ ಈಯಬೇಕು. ಅದರ ಮರಿ ಹೊಟ್ಟೆಯಲ್ಲಿದ್ದಾಗ ಎಲ್ಲರಿಗೂ ಬೇಕಿತ್ತು, ನೆಲಕ್ಕೆ ಬಿದ್ದ ಮೇಲೆ ಯಾರಿಗೂ ಬೇಡ.

ಮುಂದಿನ ಹಂಗಾಮಿನಿಂದ ಹೀಗೆ ತಾಯಿ-ಮರಿಯನ್ನು ಅಗಲಿಸುವಂತಿಲ್ಲ ಎಂದು ಕುದುರೆ ಸಾಕುವವರ ಸಂಘ ನಿಯಮ ಮಾಡಿತ್ತು. ಮರಿ ಪ್ರಯಾಣಕ್ಕೆ ಗಟ್ಟಿಯಾಗುವ ತನಕ ತಾಯಿಯೂ ಕದಲಬಾರದು. "ಅದು ಮುಂದಿನ ವರ್ಷದ ಮಾತು" ಎಂದು ಯಜಮಾನರು ಬೆಳಿಗ್ಗೆಯೇ ಗೆದ್ದ ಕುದುರೆಯನ್ನು ವ್ಯಾನು ಹತ್ತಿಸಿ ಕಳಿಸಿಬಿಟ್ಟಿದ್ದರು.

ಸೂಲಗಿತ್ತಪ್ಪ ದಪ್ಪ ಕುದುರೆಯ ಸ್ವಂತ ಮರಿಯ ಮೈಮೇಲಿದ್ದ ಕಂಬಳಿ ಬಿಚ್ಚಿದ. ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಮರಿ ಅದು. ಅದನ್ನು ಪಕ್ಕದ ಖಾನೆಗೆ ತಳ್ಳಿ, ಕಂಬಳಿಯನ್ನು ರೇಸಿನ ಮರಿಗೆ ಹೊದಿಸಿದ. ಕೆಚ್ಚಲಿನಿಂದ ಹಾಲು ಕರೆದು ಆ ಮರಿಯ ತಲೆ, ಬೆನ್ನು, ಬಾಲಕ್ಕೆಲ್ಲ ಉಜ್ಜಿ, ಎದೆಗವಚಿಕೊಂಡು ತಂದ. ಅವನ ಅಂಗಿ ಹಾಲಿನಲ್ಲಿ ತೊಯ್ದು ತೊಪ್ಪೆಯಾಯಿತು. ದಪ್ಪ ಕುದುರೆ ಮೂಸಿತು. ಮುಲಾಮು, ಕಂಬಳಿ, ತನ್ನದೇ ಹಾಲು. ಕೊನೆಗೆ ಸುಮ್ಮನೆ ನಿಂತಿತು. ರೇಸಿನ ಮರಿ ಚಪ್ಪರಿಸಿ ಕುಡಿಯತೊಡಗಿತು.

ಉಳಿದದ್ದು ಮಾಮೂಲಿ ಕೆಲಸ. ಬಿಳಿಚುಕ್ಕೆಯನ್ನು ಮನೆಗೆ ಒಯ್ದು ಹೆಂಡತಿಯ ಕೈಗೆ ಕೊಡಬೇಕು. ಅವಳು ಬಾಟಲಿ ಹಾಲು ಕುಡಿಸುತ್ತಾಳೆ, ಒಂದಿಷ್ಟು ದಿನ ಬಿಟ್ಟು ವ್ಯಾಪಾರಿಯ ಗಾಡಿ ಬರುತ್ತದೆ. ಗಾಡಿ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಸೂಲಗಿತ್ತಪ್ಪ ಹಗ್ಗ ಹುಡುಕಿದ, ಆದರೆ ಹಗ್ಗವೇ ಬೇಕಾಗಲಿಲ್ಲ. ಮರಿ ಅವನ ಅಂಗಿಯ ತುದಿಯನ್ನು ಬಾಯಲ್ಲಿ ಕಚ್ಚಿ ಚೀಪುತ್ತ ತಾನಾಗಿಯೇ ಹಿಂದೆ ಬಂತು. ಮೊದಲು ಅವನಿಗೆ ನಗು ಬಂತು. ಬಿಡಿಸಿಕೊಂಡ. ಮತ್ತೆ ಕಚ್ಚಿತು. ಮನೆ ಬಾಗಿಲು ಮುಟ್ಟುವ ಹೊತ್ತಿಗೆ ಅವನ ನಗು ಬತ್ತಿ ಹೋಗಿತ್ತು.

ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು.

"ತರಬೇಡಿ ಅಂದಿದ್ದೆ ನಾನು."

"ಇದೊಂದು ಸಲ ಕಣೇ. ಹಸಿದಿದೆ ನೋಡು, ಅಂಗೀನೇ ತಿಂತಿದೆ."

"ಹಸಿವಲ್ಲ ರೀ ಅದು. ನಿಮ್ಮ ಅಂಗೀಲಿ ಅದರಮ್ಮ ಇದ್ದಾಳೆ."

ಸೂಲಗಿತ್ತಪ್ಪ ಬಗ್ಗಿ ಅಂಗಿ ಮೂಸಿಕೊಂಡ. ಹೌದು, ಅವನಿಗೇ ತಿಳಿಯುವಷ್ಟು ವಾಸನೆಯಿತ್ತು.

"ಮುಂದಿನ ವರ್ಷದಿಂದ ಇದೆಲ್ಲ ನಿಲ್ಲುತ್ತಂತೆ" ಎಂದ, ಸಮಾಧಾನ ಹೇಳುವವನ ಹಾಗೆ.

"ಹಾಗಾದ್ರೆ ಇದು ಮುಂದಿನ ವರ್ಷ ಹುಟ್ಟಬೇಕಿತ್ತು. ಅವಸರ ಮಾಡ್ತು, ಪಾಪ." ಅವಳ ದನಿ ಒಡೆಯಿತು. "ಹೋದ ಸಲದ್ದು ಗಾಡಿ ಹತ್ತಿದ ಮೇಲೂ ನನ್ನನ್ನೇ ನೋಡ್ತಿತ್ತು. ಸಾಕಿ ಸಾಕಿ ಕಟುಕನಿಗೆ ಕೊಡೋಕೆ ನನ್ನ ಕೈಲಿ ಇನ್ನು ಆಗಲ್ಲ."

ಕಟುಕ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಇದುವರೆಗೆ ಆಡಿರಲಿಲ್ಲ. ಸೂಲಗಿತ್ತಪ್ಪನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಅವನು ಲಾಯದ ಕಡೆ ತಿರುಗಿದ. ಅಂಗಿ ಕಚ್ಚಿಕೊಂಡೇ ಮರಿಯೂ ತಿರುಗಿತು.

ಲಾಯದಲ್ಲಿ ಯಜಮಾನರು ರೇಸಿನ ಮರಿ ಹಾಲು ಕುಡಿಯುವುದನ್ನು ನೋಡುತ್ತ ನಿಂತಿದ್ದರು. "ನಿನ್ನ ಕೈಗುಣ ಬಿಡಪ್ಪ" ಎಂದು ಮೆಚ್ಚಿ ತಿರುಗಿದವರು ಅವನ ಹಿಂದಿನ ಬಾಲ ನೋಡಿ ಹುಬ್ಬೇರಿಸಿದರು.

"ಎರಡನ್ನೂ ಇವಳ ಹತ್ರಾನೇ ಬಿಡ್ತೀನಿ ಯಜಮಾನ್ರೇ" ಎಂದ ಸೂಲಗಿತ್ತಪ್ಪ.

"ಹಾಲು ಸಾಲುತ್ತಾ?"

"ಸಾಲದಿದ್ದಷ್ಟು ಬಾಟ್ಲೀಲಿ ಕೊಡ್ತೀವಿ. ಎರಡಕ್ಕೂ."

ಯಜಮಾನರು ಕೆಟ್ಟವರಲ್ಲ. ಆದರೆ ರೇಸಿನ ಮರಿ ಹುಟ್ಟುವ ಮೊದಲೇ ಅದು ಗೆಲ್ಲುವ ಕನಸು ಕಂಡವರು. ತುಸು ಹೊತ್ತು ಗಲ್ಲ ಕೆರೆದುಕೊಂಡರು. "ನೋಡು, ಗಲಾಟೇಲಿ ರೇಸಿನ ಮರಿಗೆ ಒಂದು ಒದೆ ಬಿದ್ರೂ ನಾನು ಕೇಳಲ್ಲ. ಇದು ಸಂಜೆಗೇ ವ್ಯಾಪಾರಿ ಗಾಡಿ ಹತ್ತುತ್ತೆ."

ಸೂಲಗಿತ್ತಪ್ಪ ಬಿಳಿಚುಕ್ಕೆಯನ್ನು ಒಳಗೆ ಬಿಟ್ಟ. ಅದು ಸಣ್ಣಗೆ ಕೆನೆಯಿತು. ದಪ್ಪ ಕುದುರೆಯ ಕಿವಿ ನೆಟ್ಟಗಾದವು, ಕತ್ತು ತಿರುಗಿತು. ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ಅದು ಮೂಗು ಚಾಚಿ ಮೂಸಿತು, ಮತ್ತೆ ಮೂಸಿತು, ಕಿವಿ ಹಿಂದಕ್ಕೆ ಮಲಗಿಸಿತು. ಕಿವಿ ತನ್ನದೇ ಮರಿ ಎನ್ನುತ್ತಿತ್ತು, ಮೂಗು ಅಲ್ಲ ಎನ್ನುತ್ತಿತ್ತು. ಅದು ಹಿಂಗಾಲು ಎತ್ತಿತು.

ತಾನು ಹಚ್ಚಿದ್ದನ್ನು ಅವನು ಎಂದೂ ಬಿಡಿಸಿದವನಲ್ಲ. ಬಿಡಿಸುವ ವಿದ್ಯೆಯನ್ನು ಅವನಿಂದ ಯಾರೂ ಕೇಳಿರಲಿಲ್ಲ. ಒದ್ದೆ ಬಟ್ಟೆಯಿಂದ ಹೊಳ್ಳೆಗಳನ್ನು ತಿಕ್ಕಿ ತಿಕ್ಕಿ ಒರೆಸಿದ. "ತಪ್ಪಾಯ್ತು ಕಣಮ್ಮ, ನಿನ್ನದೇ ಕೂಸು, ನಿನ್ನದೇ" ಎಂದು ಗೊಣಗುತ್ತಿದ್ದ. ಕುದುರೆಯ ಕಾಲು ಇನ್ನೂ ಕೆಳಗಿಳಿದಿರಲಿಲ್ಲ.

"ಸಾಕು, ಆಚೆ ತಗೋ ಅದನ್ನ" ಎಂದರು ಯಜಮಾನರು ಹೊರಗಿನಿಂದ.

ಸೂಲಗಿತ್ತಪ್ಪ ಗುಂಡಿಗಳನ್ನು ಬಿಚ್ಚದೆಯೇ ಅಂಗಿಯನ್ನು ತಲೆಯ ಮೇಲಿಂದ ಎಳೆದು ತೆಗೆದ. ಬಿಳಿಚುಕ್ಕೆಯ ಬೆನ್ನ ಮೇಲೆ ಹರಡಿ, ತೋಳುಗಳನ್ನು ಕತ್ತಿನ ಕೆಳಗೆ ಗಂಟು ಹಾಕಿದ. ಮತ್ತೆ ಮೆಲ್ಲಗೆ ಮುಂದಕ್ಕೆ ನೂಕಿದ.

ದಪ್ಪ ಕುದುರೆ ಅಂಗಿಯ ಕಾಲರಿನೊಳಕ್ಕೆ ಮೂಗು ತೂರಿಸಿ ಉಸಿರೆಳೆದುಕೊಂಡಿತು. ಬಹಳ ಹೊತ್ತು ಹಾಗೇ ಇತ್ತು. ಎತ್ತಿದ ಕಾಲು ಹುಲ್ಲಿನ ಮೇಲೆ ಊರಿತು.

ಯಜಮಾನರು ಕೆಮ್ಮಿದರು. "ಬಾಟ್ಲಿ ಮರೀಬೇಡಿ" ಎಂದಷ್ಟೇ ಹೇಳಿ ಹೋದರು.

ಸ್ವಲ್ಪ ಹೊತ್ತಿಗೆ ಹೆಂಡತಿ ಬಂದಳು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಮರಿಗೆ ಹೊದಿಸಲೆಂದು ತಂದ ಹಳೇ ದುಪ್ಪಟಿ. ಬರಿಮೈಯಲ್ಲಿ ನಿಂತ ಗಂಡನನ್ನು ನೋಡಿ ದುಪ್ಪಟಿಯನ್ನು ಅವನ ಹೆಗಲಿಗೆ ಹಾಕಲು ಹೋದಳು.

"ಬೇಡ" ಎಂದು ಅವನು ಪಿಸುಗುಟ್ಟಿದ. "ಸೋಪಿನ ವಾಸನೆ."

ಅವಳು ಅದನ್ನು ಹೊರಗಿನ ಅಗಳಿಗೆ ನೇತುಹಾಕಿ ಬಂದು ಪಕ್ಕದಲ್ಲಿ ನಿಂತಳು. ಒಳಗೆ ಕಂಬಳಿಯ ಮರಿ ಒಂದು ಮಗ್ಗುಲಿಗೆ, ಅಂಗಿಯ ಮರಿ ಇನ್ನೊಂದು ಮಗ್ಗುಲಿಗೆ ಕುಡಿಯುತ್ತಿದ್ದವು. ಗಂಟು ಸಡಿಲಿದ ಅಂಗಿತೋಳೊಂದು ಪ್ರತಿ ಗುಟುಕಿಗೂ ಅಲ್ಲಾಡುತ್ತಿತ್ತು.