ಕಾಲಳತೆ

"ಇಳಿಯಪ್ಪಾ, ಇಳಿ. ಒಂದ್ಸಲ ಕೂತು ಎದ್ದುಬಿಟ್ರೆ ಮುಗೀತು," ಎಂದರು ನೇಕಾರರ ಕೇರಿಯ ಯಜಮಾನರು, ಗೋಡೆಗೆ ಒರಗಿ ಕುಳಿತಲ್ಲಿಂದಲೇ. "ಆಮೇಲೆ ಮನೆ ನಿಂದು. ನಾವೂ ನಮ್ಮ ಪಾಡಿಗೆ ಎದ್ದು ಹೋಗ್ತೀವಿ."

ಅಣ್ಣ ಮಗ್ಗದ ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ಇಣುಕಿದ. ಹೆಂಡತಿಯ ಊರಲ್ಲಿ ಬಟ್ಟೆ ವ್ಯಾಪಾರಕ್ಕೆ ನಿಂತ ಮೇಲೆ ಅವನು ಮಗ್ಗಕ್ಕೆ ಕೈ ಹಚ್ಚಿದವನಲ್ಲ. ಅಪ್ಪ ತೀರಿಕೊಂಡ ಸುದ್ದಿ ಹೋದ ಮೇಲೇ ಬಂದವನು. ತಂಗಿ ಬಾಗಿಲಿಗೆ ಆತುಕೊಂಡಿದ್ದಳು. ಕೇರಿಗೆಲ್ಲ ಅವಳು ಕುಳ್ಳಿ. ಅಪ್ಪನೇ ಮುದ್ದಿಗೆ ಕರೆದು ಕರೆದು ರೂಢಿಯಾದ ಹೆಸರು ಅದು, ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಬೇಸರವಿದ್ದದ್ದು ಇವತ್ತಿನ ಬಗ್ಗೆ.

ಕೈಮಗ್ಗ ಬಿಟ್ಟರೆ ಬಟ್ಟೆಗೆ ಬೇರೆ ಗತಿಯಿಲ್ಲದ ಕಾಲ ಅದು. ಕೇರಿಯಲ್ಲಿ ಆಸ್ತಿಗೆ ಪತ್ರ ಬರೆಸುವವರಿರಲಿಲ್ಲ, ಬರೆಸಿದರೂ ಓದುವವರಿರಲಿಲ್ಲ. ಮಗ್ಗವನ್ನು ಮನೆಯ ನೆಲಕ್ಕೇ ಹೂಳುತ್ತಿದ್ದರು. ನೇಯುವವರು ನೆಲದ ಮೇಲೆ ಕುಳಿತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿನ ಹಲಗೆಗಳನ್ನು ತುಳಿಯಬೇಕು. ಗುಂಡಿ ಕಾಲಿಗೆ ಒಪ್ಪದಿದ್ದರೆ ಬಟ್ಟೆಯೂ ಕೆಡುತ್ತದೆ, ಸೊಂಟವೂ ಕೆಡುತ್ತದೆ. ಅದಕ್ಕೇ ಅಪ್ಪನಾದವನು ವಯಸ್ಸಾದಾಗ ಗುಂಡಿಯನ್ನು ಅಗೆದೋ ತುಂಬಿಯೋ ಮಗನ ಕಾಲಳತೆಗೆ ಸರಿಮಾಡುತ್ತಿದ್ದ. 'ಗುಂಡಿ ಕೊಡುವುದು' ಎಂದರೆ ಅದೇ. ಗುಂಡಿ ಸಿಕ್ಕಿದವರಿಗೆ ಮಗ್ಗ, ಮಗ್ಗ ಇದ್ದವರಿಗೆ ಮನೆ. ಯಾರಿಗೂ ಕೊಡದೆ ಸತ್ತರೆ ಎಲ್ಲವೂ ಹಿರಿಮಗನಿಗೆ. ಹಿರಿಯರೆದುರು ಅವನು ಒಮ್ಮೆ ಇಳಿದು ಕೂತರಾಯಿತು.

ಅಪ್ಪ ಯಾರಿಗೂ ಕೊಡದೆ ಸತ್ತ ಎಂದೇ ಎಲ್ಲರೂ ತಿಳಿದಿದ್ದರು. ಕುಳ್ಳಿಯೂ ಹಾಗೇ ತಿಳಿದಿದ್ದಳು.

ಅಣ್ಣ ಕೆಟ್ಟವನಲ್ಲ. ಬೆಳಿಗ್ಗೆ ಬಂದವನೇ ತಂಗಿಯ ತಲೆ ಸವರಿ, ಗುಂಡಿ ಮುಚ್ಚಿಸಿ ಇಲ್ಲಿ ಬಟ್ಟೆಯ ಮೂಟೆ ಇಡಿಸುತ್ತೇನೆಂದು ಹೇಳಿದ್ದ. "ನೀನೊಬ್ಳೇ ಇಲ್ಲಿ ಯಾಕಿರ್ಬೇಕು? ನಮ್ಮನೇಲೇ ಇದ್ಬಿಡು. ನಿನ್ನ ಅತ್ತಿಗೆಗೂ ಕೈಯಾಸರೆ ಆಗುತ್ತೆ." ಅವನು ಅದನ್ನು ಮನಸಾರೆ ಹೇಳಿದ್ದ, ಅದೇ ತೊಂದರೆ. ಜಗಳವಾಡೋಣವೆಂದರೆ ಜಗಳಕ್ಕೆ ಎಡೆಯೇ ಇಲ್ಲ. ಕೈಯಾಸರೆ ಎಂದರೆ ಏನೆಂದು ಕುಳ್ಳಿಗೆ ಗೊತ್ತಿತ್ತು: ಇನ್ನೊಬ್ಬರ ಒಲೆ, ಇನ್ನೊಬ್ಬರ ಪಾತ್ರೆ, ಸಾಯುವ ತನಕ. ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಹಾಗೇ ಇತ್ತು. ಬೆಳಗಿನ ಪಾಳಿ ಅವಳದು, ಮಧ್ಯಾಹ್ನದ್ದು ಅಪ್ಪನದು. ಎಲ್ಲಿ ಅವಳ ಕೈ ನಿಂತು ಅಪ್ಪನ ಕೈ ಶುರುವಾಗಿದೆ ಎಂದು ಅವಳು ಕಣ್ಣುಮುಚ್ಚಿ ಮುಟ್ಟಿ ಹೇಳಬಲ್ಲಳು. ಅದನ್ನು ಕತ್ತರಿಸಿ ತೆಗೆ ಎಂದಿದ್ದ ಅಣ್ಣ. ಅವಳು ಹೂಂ ಎಂದಿದ್ದಳು, ಕತ್ತರಿ ಮಾತ್ರ ಯಾಕೋ ಕೈಗೆ ಸಿಕ್ಕಿರಲಿಲ್ಲ.

ಅಣ್ಣ ಕುಳಿತು ಕಾಲು ಇಳಿಬಿಟ್ಟ. ಇಳಿಬಿಟ್ಟ ಎನ್ನುವುದೇ ತಪ್ಪು; ಪಾದ ಆಗಲೇ ತಳಕ್ಕೆ ತಾಗಿ, ಮೊಣಕಾಲುಗಳು ಮೇಲೆದ್ದು, ಬಟ್ಟೆ ಸುತ್ತುವ ದಿಂಡಿಗೆ ಹೋಗಿ ಬಡಿದವು.

"ಅಯ್ಯಯ್ಯೋ!"

"ವ್ಯಾಪಾರ ಮಾಡಿ ಮಾಡಿ ಕಾಲು ಬೆಳೆದಿರ್ಬೇಕು," ಎಂದು ಯಜಮಾನರ ಜೊತೆ ಬಂದಿದ್ದ ಬಣ್ಣಗಾರ ನಕ್ಕ.

ಅಣ್ಣ ನಗಲಿಲ್ಲ. ಮಂಡಿ ಉಜ್ಜಿಕೊಳ್ಳುತ್ತಾ ಗುಂಡಿಯನ್ನೇ ನೋಡುತ್ತಿದ್ದ. "ನಾನು ಊರು ಬಿಡೋವಾಗ್ಲೇ ಇಷ್ಟು ಎತ್ತರ ಇದ್ದೆ. ಆಗ ಕೂತ್ರೆ ಸರಿಯಾಗಿತ್ತು. ಅಪ್ಪಂದೂ ನಂದೂ ಒಂದೇ ಕಾಲು, ಚಪ್ಪಲಿ ಬದಲಾದ್ರೂ ಗೊತ್ತಾಗ್ತಿರಲಿಲ್ಲ."

ಯಜಮಾನರು ಎದ್ದು ಬಂದರು. ಊರುಗೋಲಿನ ತುದಿಯಿಂದ ತಳದ ಒಂದು ಮೂಲೆ ಕೆದಕಿದರು. ಮಣ್ಣು ಹಪ್ಪಳೆಯಾಗಿ ಎದ್ದಿತು. ಅದರಡಿ ಇನ್ನೊಂದು ಪದರ, ಅದರಡಿ ಮತ್ತೊಂದು. ಪ್ರತಿಯೊಂದನ್ನೂ ಯಾರೋ ಅಂಗೈಯಿಂದ ತಟ್ಟಿ ತಟ್ಟಿ ನಯಮಾಡಿದ್ದರು.

"ಒಂದು ವರ್ಷದ ಕೆಲಸ ಅಲ್ಲ ಇದು," ಎಂದರು. "ಕುಳ್ಳಿ, ಗುಂಡಿ ಸಾರಿಸ್ತಿದ್ದದ್ದು ಯಾರಮ್ಮಾ?"

"ಅಪ್ಪ. ನನ್ನ ಮುಟ್ಟೋಕೂ ಬಿಡ್ತಿರಲಿಲ್ಲ. ನೂಲು ತೊಳ್ಕೊಂಡು ಬಾ ಹೋಗು ಅಂತ ಹೊಳೆಗೆ ಕಳಿಸಿಬಿಡ್ತಿದ್ದ."

ಹೇಳುತ್ತಿದ್ದಂತೆಯೇ ಅವಳಿಗೆ ಹಳೆಯದು ನೆನಪಾಯಿತು. ಚಿಕ್ಕವಳಿದ್ದಾಗ ಅಪ್ಪ ಅವಳ ಪಾದಕ್ಕೆ ಎಟುಕಲೆಂದು ತುಳಿಯುವ ಹಲಗೆಯ ಮೇಲೆ ಮರದ ತುಂಡು ಪೇರಿಸಿ ಕೂರಿಸುತ್ತಿದ್ದ. ಹೊಳೆಯಿಂದ ಬಂದಾಗಲೆಲ್ಲ ಒಂದೊಂದು ತುಂಡು ಕಡಿಮೆಯಾಗಿರುತ್ತಿತ್ತು. "ಬೆಳೆದುಬಿಟ್ಟೆಯಲ್ಲೇ ಕುಳ್ಳಿ!" ಎಂದು ಅಪ್ಪ ಹುಬ್ಬೇರಿಸುತ್ತಿದ್ದ. ಕೊನೆಯ ತುಂಡೂ ಹೋದ ದಿನ ಅವಳು ಹಿಗ್ಗಿ ಹೋಗಿ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು ನೋಡಿಕೊಂಡಿದ್ದಳು. ಹಿಂದೆ ಎಳೆದ ಗೆರೆ ನೆತ್ತಿಗೆ ಸರಿಯಾಗಿ ಅಲ್ಲೇ ಇತ್ತು. ಗೆರೆ ಎಳೆಯುವಾಗಲೇ ತಪ್ಪಾಗಿರಬೇಕು ಎಂದುಕೊಂಡು ಸಂತೋಷವಾಗಿಯೇ ಒಳಗೆ ಬಂದಿದ್ದಳು.

"ಹೆಣ್ಣಿಗೆ ಗುಂಡಿ ಕೊಟ್ಟದ್ದು ಎಲ್ಲಾದ್ರೂ ಉಂಟಾ?" ಎಂದ ಬಣ್ಣಗಾರ.

"ಕೊಡೋದು ಕಾಲಿಗೆ ಕಣಯ್ಯಾ. ಗಂಡಿನ ಕಾಲೋ ಹೆಣ್ಣಿನ ಕಾಲೋ ಅಂತ ಗುಂಡಿ ಕೇಳುತ್ತಾ?" ಯಜಮಾನರು ಅಣ್ಣನ ಕಡೆ ತಿರುಗಿದರು. "ಆದ್ರೂ ನಿಮ್ಮಪ್ಪ ಬಾಯಿಬಿಟ್ಟು ನಮ್ಮೆದುರು ಹೇಳಿಲ್ಲ. ನೀನು ಬೇಕು ಅಂದ್ರೆ ಇಲ್ಲ ಅನ್ನೋಕೆ ನನಗೆ ಬಾಯಿಲ್ಲ. ನೀನೇ ಹೇಳಪ್ಪಾ."

ಅಣ್ಣ ಏಳಲಿಲ್ಲ. ದಿಂಡಿನಡಿ ಮಂಡಿ ಮುದುಡಿಕೊಂಡೇ, ಒಂದು ಹಲಗೆ ತುಳಿದು ನೋಡಿದ. ಮೊಣಕಾಲು ಮತ್ತೆ ದಿಂಡಿಗೆ ತಾಗಿತು. ಇನ್ನೊಂದನ್ನು ತುಳಿದ. ಇನ್ನೊಂದು ಮೊಣಕಾಲು ತಾಗಿತು.

"ಇದ್ರಲ್ಲಿ ಅಪ್ಪ ಹೇಗೆ ಕೂರ್ತಿದ್ದ?" ಎಂದ.

ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಎರಡೂ ಕಾಲು ಚಾಚಿ ಕೂರುತ್ತಿದ್ದದ್ದು, ತಾನು ಎಣ್ಣೆ ಬಿಸಿಮಾಡಿ ಮಂಡಿ ತಿಕ್ಕುತ್ತಿದ್ದದ್ದು, "ವಯಸ್ಸಾಯ್ತಲ್ಲೇ, ಇನ್ನೇನು" ಎಂದು ಅಪ್ಪ ಕಣ್ಣು ಮುಚ್ಚುತ್ತಿದ್ದದ್ದು, ಎಲ್ಲ ಒಟ್ಟಿಗೇ ಕುಳ್ಳಿಯ ಕಣ್ಣೆದುರು ಬಂತು. ಎಣ್ಣೆ ಆರುವ ಮೊದಲೇ ಎದ್ದು ಹೋಗಿ ಮಗ್ಗಕ್ಕೆ ಕೂರುತ್ತಿದ್ದ. ಸ್ವಲ್ಪ ಸುಮ್ಮನಿರಬಾರದೇ ಎಂದು ಅವಳು ಬೈಯುತ್ತಿದ್ದಳು.

"ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತು," ಎಂದ ಅಣ್ಣ. ಅವನ ದನಿಯಲ್ಲಿ ನೋವಿತ್ತು.

"ಹೇಳಿದ್ರೆ ಅದು ಇವಳ ಕಿವಿಗೂ ಬೀಳ್ತಿತ್ತು," ಎಂದರು ಯಜಮಾನರು. "ಆಮೇಲೆ ಇವಳು ಆ ಗುಂಡೀಲಿ ಕೂರ್ತಿದ್ಲಾ?"

ಅಣ್ಣ ನೆಲಕ್ಕೆ ಕೈಯೂರಿ ಮೇಲೆ ಬಂದ. ಬಟ್ಟೆಗೆ ಹತ್ತಿದ ಮಣ್ಣನ್ನು ಕೊಡವಿಕೊಳ್ಳಲಿಲ್ಲ. "ಅಪ್ಪ ಕೊಟ್ಟಾಗಿದೆ," ಎಂದ ಹಿರಿಯರಿಗೆ. ತಂಗಿಯ ಕಡೆ ನೋಡಿ, "ಮೂಟೆಗಳಿಗೆ ನಾನು ಬೇರೆ ಜಾಗ ನೋಡ್ಕೋತೀನಿ. ನೀನು ಕೂತ್ಕೊಳ್ಳೇ, ಕುಳ್ಳಿ," ಎಂದ. ಅಪ್ಪ ಕರೆದ ಹಾಗೇ ಕರೆದ.

ಹಿರಿಯರು ಹೊರಟರು. ಅವರನ್ನು ಬೀದಿಯವರೆಗೆ ಕಳಿಸಲು ಅಣ್ಣನೂ ಹೋದ. ಕುಳ್ಳಿ ಗುಂಡಿಯ ಅಂಚಿಗೆ ಕುಳಿತು ಕಾಲು ಇಳಿಬಿಟ್ಟಳು. ಪಾದಗಳು ಹಲಗೆಯ ಮೇಲೆ ಸರಿಯಾಗಿ ಹೋಗಿ ನಿಂತವು. ಅವಳ ಮೊಣಕಾಲಿಗೂ ದಿಂಡಿಗೂ ನಡುವೆ ಬೇಕಾದಷ್ಟು ಜಾಗವಿತ್ತು.

ಅವಳು ಆ ಜಾಗದೊಳಗೆ ಕೈ ಹಾಕಿ ದಿಂಡಿನ ಅಡಿಯನ್ನು ತಡವಿದಳು. ಅಲ್ಲಿ ಎರಡು ಕಡೆ ಮರ ಸವೆದು ತಗ್ಗಾಗಿತ್ತು. ಬೆರಳು ಹೊರಗೆ ತೆಗೆದು ನೋಡಿದರೆ, ತುದಿಯಲ್ಲಿ ಅವಳದೇ ಎಣ್ಣೆಯ ಜಿಡ್ಡು.