ಕೆಳಮನೆ ಟೀಚರ ಕೋಲು

ಜಾಜ್‌ನಲ್ಲಿ ನಿಮ್ಮ ಗುರು ಯಾರು ಎಂದು ಪತ್ರಿಕೆಯವರು ಕೇಳಿದಾಗಲೆಲ್ಲ ಸ್ಯಾಕ್ಸೊಫೋನಿನವನು ಗೋಡೆಗೆ ಜೋಡಿಸಿದ್ದ ಹಳೇ ರೆಕಾರ್ಡುಗಳ ಕಡೆ ಕೈ ತೋರಿಸಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಫೋಟೊ ಚೆನ್ನಾಗಿ ಬರುತ್ತಿತ್ತು. ಓಡುತ್ತಿದ್ದ ರಾಗ ಥಟ್ಟನೆ ನಿಂತು, ಮೆಲ್ಲಗೆ ಮತ್ತೆಲ್ಲಿಂದಲೋ ಏಳುವ ಅವನ ಶೈಲಿ ಮಹಾನುಭಾವರಿಂದ ಬಂದ ಬಳುವಳಿ ಎಂದು ಒಬ್ಬ ವಿಮರ್ಶಕ ಬರೆದೂಬಿಟ್ಟ. ಬಳುವಳಿಯಂತೆ ಬಳುವಳಿ! ಅದು ಬಂದದ್ದು ಕೆಳಮನೆ ಟೀಚರ ಕೋಲಿನಿಂದ.

ಟೀಚರು ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು. ಇವನು ಬೆಳಿಗ್ಗೆ ಮಹಡಿ ಮೇಲಿನ ತನ್ನ ಮನೆಯಲ್ಲಿ ಅಭ್ಯಾಸಕ್ಕೆ ನಿಂತು ತುಸು ಹುರುಪೇರಿತೋ, ಅವರು ನೆಲ ಒರೆಸುವ ಕೋಲಿನಿಂದ ತಮ್ಮ ಸೂರಿಗೆ ಧಡ್ ಧಡ್ ಎಂದು ಬಡಿಯುತ್ತಿದ್ದರು. ಇವನು ಬೆಚ್ಚಿ ನಿಲ್ಲಿಸುತ್ತಿದ್ದ. ಆಮೇಲೆ ಕಳ್ಳನ ಹಾಗೆ ಸಣ್ಣ ದನಿಯಲ್ಲಿ ಬೇರೆಲ್ಲಿಂದಲೋ ಶುರು ಮಾಡುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಬಾಳು ಎಂದು ಹನ್ನೊಂದು ವರ್ಷ ಗೊಣಗಿದ. ಗೊಣಗುತ್ತಲೇ ಅದೇ ನಿಲುಗಡೆಗಳನ್ನು ವೇದಿಕೆ ಮೇಲೂ ನುಡಿಸಿ ಹೆಸರು ಮಾಡಿದ.

ಮೂರು ತಿಂಗಳ ಹಿಂದೆ ಕೋಲಿನ ಸದ್ದು ನಿಂತುಹೋಯಿತು. ಅಂತೂ ಮುದುಕಿಗೆ ಸಂಗೀತ ಹತ್ತಿತು ಎಂದು ಬೀಗಿದ ನಮ್ಮ ಮಹಾಶಯ, ಕೇಳುವವರಿಲ್ಲದೆ ಬಾಲ ಬಿಚ್ಚಿದ. ಊದಿದ್ದೇ ಊದಿದ್ದು. ಬ್ಯಾಂಡಿನ ಯಜಮಾನನಾದ ಪಿಯಾನೋದವನು ತಲೆ ತಲೆ ಚಚ್ಚಿಕೊಂಡ.

"ಏನಯ್ಯಾ ಇದು, ನಲ್ಲಿ ಮುಚ್ಚೋದು ಮರೆತ ಹಾಗೆ! ಶನಿವಾರ ರೆಕಾರ್ಡಿಂಗ್. ಅವತ್ತೂ ಹೀಗೇ ಆದ್ರೆ ನಿನ್ನ ಜಾಗಕ್ಕೆ ಬೇರೆಯವನು ಬರ್ತಾನೆ, ನೋಡ್ಕೋ."

ಮನೆಗೆ ಬಂದು ಎಷ್ಟು ತಿಣುಕಿದರೂ ಆ ನಿಲುಗಡೆ ಬರಲಿಲ್ಲ. ಆಗ ಕಾರಣ ಹೊಳೆಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಬಿಸ್ಕತ್ತಿನ ಪೊಟ್ಟಣ ಹಿಡಿದು ಕೆಳಗಿಳಿದ.

"ಜೋರಾಗಿ ಹೇಳಿ ಪ್ರಯೋಜನ ಇಲ್ಲ, ಬರಿ," ಎಂದು ಟೀಚರು ಕಾಗದ ಕೊಟ್ಟರು. "ಕಿವಿ ಹೋಗಿ ಮೂರು ತಿಂಗಳಾಯ್ತು. ಮೊದಲನೇ ದಿನ ತುಂಬಾ ಅತ್ತೆ ಕಣೋ. ಎರಡನೇ ದಿನ ನಿನ್ನ ನೆನಪಾಯ್ತು, ಸಮಾಧಾನ ಆಯ್ತು."

ಅವನು ಎಲ್ಲವನ್ನೂ ಬರೆದ. ಓದಿ ಅವರು ಹಣೆ ಹಣೆ ಬಡಿದುಕೊಂಡರು.

"ಅಯ್ಯೋ ನನ್ನ ಕರ್ಮವೇ! ನಿಲ್ಲಿಸ್ಲಿ ಅಂತ ಬಡಿದ್ರೆ ಅದನ್ನೇ ಪಾಠ ಅಂದ್ಕೊಂಡ್ಯಾ? ಈ ಪಾಪವೆಲ್ಲ ನಂದೇ ಅನ್ನು!"

'ಶನಿವಾರ ಬನ್ನಿ ಟೀಚರ್, ಕಾಲಿಗೆ ಬೀಳ್ತೀನಿ. ಕೋಲು ಎತ್ತಿದರೆ ಸಾಕು' ಎಂದು ಬರೆದ. ಕೇಳಿಸದೆ ಯಾವಾಗ ಎತ್ತುತ್ತಾರೆ ಎಂಬ ಪ್ರಶ್ನೆ ಬರೆದ ಮೇಲೆ ಹೊಳೆದು, ಅದನ್ನೂ ಕೆಳಗೆ ಬರೆದ.

"ಕೇಳಿಸೋದೇನು ಬಂತು? ಮುಖ ನೋಡಿದ್ರೆ ಗೊತ್ತಾಗುತ್ತೆ. ತಮ್ಮನ್ನ ತಾವೇ ಮೆಚ್ಕೊಳ್ಳೋ ಹುಡುಗರನ್ನ ಮೂವತ್ತು ವರ್ಷ ನೋಡಿದೀನಿ," ಎಂದರು ಟೀಚರು.

ಶನಿವಾರ ಅವರು ರೆಕಾರ್ಡಿಂಗ್ ಕೋಣೆಯ ಮೂಲೆಯಲ್ಲಿ ಕೋಲು ಹಿಡಿದು ಕೂತರು.

"ಇವರು ಯಾರಯ್ಯಾ?" ಎಂದ ಪಿಯಾನೋದವನು.

"ನಮ್ಮ ಟೀಚರು."

"ಸಂಗೀತದ ಟೀಚರಾ?"

ಸ್ಯಾಕ್ಸೊಫೋನಿನವನು ಕೋಲಿನ ಕಡೆ ನೋಡಿ, "ಹೂಂ," ಎಂದ.

ನುಡಿಸುವಾಗ ಕಣ್ಣು ಮುಚ್ಚುವ ಹಾಗಿರಲಿಲ್ಲ. ಮುಖದಲ್ಲಿ ಕೊಂಚ ಗರ್ವ ಮೂಡಿತೋ, ಕೋಲು ಮೇಲೆದ್ದಿತು. ಇವನು ನಿಂತ, ನುಂಗಿಕೊಂಡ, ಮೆಲ್ಲಗೆ ಬೇರೆ ಕಡೆಯಿಂದ ಬಂದ. ಪಿಯಾನೋದವನ ಗಂಟುಮುಖ ಸಡಿಲಾಯಿತು. ಒಂದೊಂದಾಗಿ ಹಾಡುಗಳು ಮುಗಿದವು.

ಕೊನೆಯ ಹಾಡಿನಲ್ಲಿ ಮಾತ್ರ ಕೋಲು ಏಳಲೇ ಇಲ್ಲ. ಅವರು ಕಣ್ಣು ಮಿಟುಕಿಸದೆ ಇವನನ್ನೇ ನೋಡುತ್ತಿದ್ದರು. ಈಗ ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ಕಾದು ಕಾದು, ಇನ್ನೊಂದು ಸ್ವರ ಊದಿದರೆ ಹೆಚ್ಚಾಯಿತು ಎನ್ನುವಾಗ ಇವನೇ ನಿಲ್ಲಿಸಿದ. ಪಿಯಾನೋದವನು ಎರಡು ಸ್ವರ ಒತ್ತಿ ಹಾಡು ಮುಗಿಸಿ, ಇವನ ಬೆನ್ನು ತಟ್ಟಿದ.

"ನಾನು ಎತ್ತಲೇ ಇಲ್ವಲ್ಲೋ, ಯಾಕೆ ನಿಲ್ಲಿಸ್ದೆ?" ಎಂದರು ಟೀಚರು.

ಅವನು ಕಾಗದ ತೆಗೆದುಕೊಂಡ. 'ಸಾಕು ಅನ್ನಿಸಿತು' ಎಂದು ಬರೆದ.

ಟೀಚರು ಅದನ್ನು ಎರಡು ಸಲ ಓದಿದರು.

"ಹನ್ನೊಂದು ವರ್ಷದಿಂದ ನಾನು ಹೇಳಿದ್ದೂ ಅದನ್ನೇ ಕಣೋ."