ನಡೆದಾಡಿದ ಅರಮನೆ

ನಮ್ಮ ಇಂಗಳೇಶ್ವರದ ನೆಲದೊಳಗೆ ಅರಮನೆ ಇದೆಯೆಂದು ಜಗತ್ತಿಗೆ ಮೊದಲು ಸಾರಿದವನು ನಾನೇ, ಧೂಳಪ್ಪ. ಚಹಾ ಕುದಿಯುವಷ್ಟರಲ್ಲಿ ಸುದ್ದಿ ಸಿಂದಗಿ ಮುಟ್ಟಿ, ಅಲ್ಲಿಂದ ಮುದ್ದೇಬಿಹಾಳಕ್ಕೆ ಹಾರಿತ್ತು.

ಅಕ್ಕ ಹುಚ್ಚವ್ವ ಹೊಲದಲ್ಲಿ ಮನೆ ಕಟ್ಟಲು ಹೊರಟಿದ್ದಳು. ಗೂಟ ಹೊಡೆದು ದಾರ ಕಟ್ಟಿಯಾಗಿತ್ತು, ಮರುದಿನ ಗುದ್ದಲಿ ಪೂಜೆ. ಅಷ್ಟರಲ್ಲಿ ಅವಳ ಮಗಳು ಪ್ರಿಯದರ್ಶಿನಿ ಬಂದಳು. ಇಟಲಿಯ ಗೋಧಿ ಹೊಲಗಳಲ್ಲಿ ಯಂತ್ರ ಹೊತ್ತು ನಡೆದು, ಹಿಡಿ ಮಣ್ಣೂ ಅಗೆಯದೆ ರೋಮನ್ನರ ಇಡೀ ಊರುಗಳನ್ನೇ ಪತ್ತೆ ಹಚ್ಚಿದವಳು. ಸೋದರಮಾವನ ಬುದ್ಧಿ! ಇಲ್ಲಿ ಹಳೆಯ ಮಡಕೆ ಚೂರು ಸಿಗುತ್ತವೆ, ಕೆಳಗೆ ಪುರಾತನ ಗೋಡೆಯಿದ್ದರೆ ಮನೆ ಬೇಡ ಎಂದಳು. ಹುಚ್ಚವ್ವನ ಮುಖ ಬಾಡಿತು.

ಸುಟ್ಟ ಇಟ್ಟಿಗೆ, ಹೂತ ತಗ್ಗುಗಳ ಅಯಸ್ಕಾಂತ ಗುಣ ಹಿಡಿಯುವ ಆ ಯಂತ್ರಕ್ಕೆ ಹತ್ತಿರದಲ್ಲಿ ಕಬ್ಬಿಣ ಇರಬಾರದಂತೆ. ಹುಡುಗಿ ತಲೆಯ ಪಿನ್ನನ್ನೂ ತೆಗೆದಿಟ್ಟಳು. ನಾನು ಛತ್ರಿಯನ್ನು ಮನೆಯಲ್ಲಿಟ್ಟು, ಅವಳು ಯಂತ್ರ ಹೊತ್ತು ಹೊಲ ಸುತ್ತುವಾಗ ಬೆನ್ನಿಗಂಟಿಕೊಂಡೇ ನಡೆದೆ. ನನ್ನ ಚಪ್ಪಲಿ ಕಿರುಗುಟ್ಟಿದರೆ ಬಾಗೇವಾಡಿಯಲ್ಲಿ ಎತ್ತುಗಳು ಹಗ್ಗ ಹರಿಯುತ್ತವೆ.

ಲ್ಯಾಪ್‌ಟಾಪಿನಲ್ಲಿ ನಕ್ಷೆ ಮೂಡಿತು. ಈ ತುದಿಯಿಂದ ಆ ತುದಿಗೆ ಗೋಡೆಯೋ ಗೋಡೆ. ನಾನು ಆನೆ ಲಾಯವನ್ನೂ ತೋರಿಸಿಬಿಟ್ಟೆ. ಹುಚ್ಚವ್ವ ಗೂಟ ಕೀಳಲು ಹೊರಟಳು.

ಹುಡುಗಿ ಮಾತ್ರ ನಕ್ಷೆಯ ನಡುವಿನ ಖಾಲಿ ಜಾಗಕ್ಕೆ ಬೆರಳಿಟ್ಟು ಕೇಳಿದಳು. “ಮಾಮಾ, ನಾ ಇಲ್ಲಿ ನಡಿಯೂ ಮುಂದ ನೀ ಎಲ್ಲಿದ್ದಿ?”

“ನೀರ ಕುಡ್ಯಾಕ ಹೋಗಿದ್ನೆವ್ವಾ.”

“ನಿನ್ನ ಸಂಗಟ ಅರಮನಿನೂ ಹೋಗೈತಿ. ಚಪ್ಪಲಿ ತೋರ್ಸು.”

ಚಪ್ಪಲಿಯ ತಳಕ್ಕೆ ಬಡಿದ ಕಬ್ಬಿಣದ ಲಾಳ ಫಳಫಳ ಹೊಳೆಯಿತು.

“ಧೂಳ್ಯಾ,” ಎಂದಳು ಹುಚ್ಚವ್ವ, “ನನ್ನ ಮನಿ ಮುರ್ಯಾಕ ನಿನ್ನ ಮೆಟ್ಟ ಸಾಕಾತಲ್ಲೋ.”

ನನ್ನನ್ನು ದೂರ ಕೂರಿಸಿ ಹುಡುಗಿ ಮತ್ತೆ ನಡೆದಳು. ಈ ಸಲ ಗೋಡೆ ಒಂದೂ ಇಲ್ಲ. ದಾರದ ಒಳಗೆ, ಅಡುಗೆ ಮನೆ ಬರುವಲ್ಲಿ, ಒಂದು ದುಂಡನೆಯ ಕಪ್ಪು ಕಲೆ.

“ಇದು ಹಗೇವು ಇರಬೇಕವ್ವ,” ಎಂದಳು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ, ಈಗ ಮಣ್ಣು ತುಂಬಿದೆ. ರೋಮನ್ನರ ಊರುಗಳಲ್ಲೂ ಇಂಥ ಕಾಳಿನ ಗುಂಡಿಗಳನ್ನು ಕಂಡಿದ್ದಳಂತೆ. “ಇದನ್ನ ಮುಟ್ಟಬ್ಯಾಡ. ಮನಿ ಅತ್ಲಾಗ ಸರಿಸು, ಕಟ್ಟು.”

ಹುಚ್ಚವ್ವ ಪೂಜೆಗೆ ಬೆಳಗಾಗುವುದನ್ನೂ ಕಾಯಲಿಲ್ಲ. ದಾರ ಸರಿಸಿ, ಸೆರಗು ಸಿಕ್ಕಿಸಿ, ಗುದ್ದಲಿ ಎತ್ತಿ ಹಾಕಿದಳು. ಆ ಮೊದಲ ಏಟಿಗೆ ಎದ್ದ ಧೂಳಿಗೆ ದೂರದ ಇಂಡಿ ಊರಿನವರು ಒಣಹಾಕಿದ ಬಟ್ಟೆಗಳನ್ನು ಮತ್ತೊಮ್ಮೆ ಒಗೆದರು.